ಪದಮೂಲ ಕಡತ: ‘ಸ್ವಾರ್ದಿ’ ನಮೂದು ಎಲ್ಲಿಗೆ ಬಂತು

ಮೈಬಣ್ಣದ ಇಂಗ್ಲಿಷ್ ಪದಗಳಲ್ಲಿ ‘ಸ್ವಾರ್ದಿ’ಯ (swarthy, ನಸುಗಪ್ಪು ಮೈಬಣ್ಣದ) ಮೂಲದ ಭಾಗ ಮುಗಿದಿದೆ, ಬಳಕೆಯ ಭಾಗ ಅರ್ಧವಾಗಿದೆ. ತಲೆಪದದಲ್ಲಿ ‘ದ’ವನ್ನೇ ಬರೆಯಿರಿ. ಇಲ್ಲಿನ ಟಿ-ಎಚ್ ‘ಮದರ್’ನಲ್ಲಿರುವಂತೆ ಘೋಷ (ಗಂಟಲು ಕಂಪಿಸುವ) ಧ್ವನಿ, ‘ಥ’ ಹಾಕಿದರೆ ಕನ್ನಡದ ‘ಸ್ವಾರ್ಥಿ’ಯೊಂದಿಗೆ ಬೆರೆತು ಹುಡುಕಾಟ ಕೆಡುತ್ತದೆ.

ಮೂಲ, ಹಳೆಯ ಇಂಗ್ಲಿಷಿನ ‘ಸ್ವೆಅರ್ಟ್’. ಅರ್ಥ, ಕಪ್ಪು. ಜರ್ಮನ್ ‘ಶ್ವಾರ್ಟ್ಸ್’, ಡಚ್ ‘ಜ್ವಾರ್ಟ್’ ಇದರ ಜ್ಞಾತಿಪದಗಳು, ಅಂದರೆ ಒಂದೇ ಬೇರಿನವು. ಅಲ್ಲಿ ಇಂದಿಗೂ ಕಪ್ಪಿಗೆ ಅವೇ ಮಾತು. ಇಂಗ್ಲಿಷಿನಲ್ಲಿ ‘ಬ್ಲ್ಯಾಕ್’ ಬಂದು ಆ ಜಾಗ ಹಿಡಿಯಿತು, ಹಳೆಯ ಪದದ ಮುಂದಿನ ರೂಪವಾದ ‘ಸ್ವಾರ್ಟ್’ ಮೂಲೆ ಸೇರಿತು. ಅದರಿಂದಾದ ‘ಸ್ವಾರ್ಟಿ’ಯ ರೂಪಾಂತರವಾಗಿ ‘ಸ್ವಾರ್ದಿ’ 16ನೇ ಶತಮಾನದ ಕೊನೆಯ ಭಾಗದಲ್ಲಿ ಕಾಣಿಸುತ್ತದೆ. ಟಿ ಹೋಗಿ ಟಿ-ಎಚ್ ಏಕೆ ಬಂತೆಂಬುದಕ್ಕೆ ಒಪ್ಪಿತ ವಿವರಣೆಯಿಲ್ಲ. ಆ ಅಂಕಣ ಖಾಲಿಯೇ ಇರಲಿ, ಊಹೆ ತುಂಬಬೇಡಿ.

ಹಳೆಯ ಮುದ್ರಣಗಳಲ್ಲಿ ಹುಡುಕುವಾಗ ತೊಡಕಾಗುವುದು ಅಕ್ಷರಗಳಿಂದ. ಸುಮಾರು 1800ಕ್ಕೆ ಹಿಂದಿನ ಪುಸ್ತಕಗಳಲ್ಲಿ ಪದದ ಮೊದಲ ಎಸ್ ಉದ್ದವಾಗಿರುತ್ತದೆ. ಸ್ಕ್ಯಾನ್ ಓದುವ ಯಂತ್ರ ಅದನ್ನು ಎಫ್ ಎಂದುಕೊಳ್ಳುತ್ತದೆ. ಹಾಗಾಗಿ ಮೊದಲಕ್ಷರ ಎಫ್ ಮಾಡಿಯೂ ಒಮ್ಮೆ ಹುಡುಕಿ. ಇನ್ನೂ ಹಳೆಯವುಗಳಲ್ಲಿ ಡಬ್ಲ್ಯು ಬದಲು ಎರಡು ವಿ ಇರುವುದುಂಟು. ಕೊನೆಯ ವೈ ಬಿಟ್ಟು ಹುಡುಕಿದರೆ ಕೊಯ್ದು ಮಲಗಿಸಿದ ಹುಲ್ಲಿನ ಸಾಲೂ ಬಲೆಗೆ ಬೀಳುತ್ತದೆ, ಆ ಸಾಲಿನ ಹೆಸರಾದ ‘ಸ್ವಾತ್’ಗೆ (swath) swarth ಎಂಬ ಕಾಗುಣಿತವೂ ಇತ್ತು. ಹತ್ತಿರದಲ್ಲಿ ಹುಲ್ಲು, ಕುಡುಗೋಲಿನ ಮಾತಿದ್ದರೆ ಪಕ್ಕಕ್ಕಿಡಿ. ಇಸವಿಯನ್ನು ಶೀರ್ಷಿಕೆ ಪುಟ ನೋಡಿಯೇ ಬರೆಯಿರಿ. ಮರುಮುದ್ರಣದ ಇಸವಿಯೇ ಎಷ್ಟೋ ಕಡೆ ನುಸುಳಿರುತ್ತದೆ.

ಅರ್ಥಕ್ಕೆ ಬರೀ ‘ಕಪ್ಪು’ ಸಾಲದು. ಬೆಂಜಮಿನ್ ಫ್ರಾಂಕ್ಲಿನ್ 1751ರಲ್ಲಿ ಬರೆದು 1755ರಲ್ಲಿ ಅಚ್ಚಾದ ಜನಸಂಖ್ಯೆಯ ಪ್ರಬಂಧದಲ್ಲಿ ಸ್ಪೇನ್, ಇಟಲಿ, ಫ್ರಾನ್ಸ್, ರಷ್ಯಾದವರನ್ನಷ್ಟೇ ಅಲ್ಲ, ಸ್ವೀಡನ್ನಿನವರನ್ನೂ ಸ್ವಾರ್ದಿ ಎನ್ನುತ್ತಾನೆ. ಜರ್ಮನರೂ ಅದೇ ಸಾಲಿಗೆ. ಅವರಲ್ಲಿ ಸ್ಯಾಕ್ಸನರಿಗೆ ಮಾತ್ರ ವಿನಾಯಿತಿ. ಅಂದರೆ ಆಡುವವನು ತನ್ನವರೆಂದು ಎಣಿಸಿದವರಿಗಿಂತ ತುಸು ಕಪ್ಪಾದವರೆಲ್ಲ ಈ ಪದದೊಳಗೆ. ಈ ಉಲ್ಲೇಖ ನಮೂದಿನಲ್ಲಿ ಇರಲೇಬೇಕು, ಬಣ್ಣದ ಅಳತೆಯನ್ನು ಯಾರು ಹಿಡಿದಿದ್ದರೆಂದು ಇದರಷ್ಟು ಚೆನ್ನಾಗಿ ತೋರಿಸುವುದು ಕಡಿಮೆ. ಕನ್ನಡದಲ್ಲಿ ‘ನಸುಗಪ್ಪು’ ಇಟ್ಟಿದ್ದೇವೆ. ‘ಎಣ್ಣೆಗೆಂಪು’ ಹೊಂದದು, ಅದರಲ್ಲಿ ಮೆಚ್ಚುಗೆಯಿದೆ. ಸ್ವಾರ್ದಿಯಲ್ಲಿ ಹೆಚ್ಚಾಗಿ ಇರುವುದು ಹೊರಗಿನವರನ್ನು ಅಳೆಯುವ ಕಣ್ಣು.

ಮುಂದಿನದು ‘ಸ್ಯಾಲೋ’ (sallow, ಕಳೆಗುಂದಿದ ಹಳದಿ ಮೈಬಣ್ಣದ). ಅದೇ ಕಾಗುಣಿತದಲ್ಲಿ ವಿಲ್ಲೋ ಜಾತಿಯ ಮರವೊಂದಿದೆ, ಮೂಲ ಬೇರೆ. ಎರಡಕ್ಕೂ ಮೊದಲೇ ಬೇರೆ ಬೇರೆ ನಮೂದು ತೆರೆಯಿರಿ.