ಪೂರ್ತಿ ಒಂದು ನಿಮಿಷ ಎಣಿಸಿ

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ನನಗೆ ಮೊದಲು ನೆನಪಾದದ್ದು ಒಂದು ಅಲ್ಯೂಮಿನಿಯಂ ತಟ್ಟೆ. ತಟ್ಟೆಯ ಮೇಲೆ ಬಾಳೆ ಎಲೆ. ಎಲೆ ಮೇಲೆ ಒಂದು ಕುರಿಯ ಹೃದಯ.

ನಾನು ಪಿಯುಸಿಗೆ ಸೇರಿದ್ದು 1995ರಲ್ಲಿ. ನಮ್ಮೂರು ಹಾಸನದಿಂದ ದುದ್ದದ ಕಡೆ. ಬೆಳಗಿನ ಬಸ್ಸು ತಪ್ಪಿದರೆ ಮೊದಲ ಪೀರಿಯಡ್ಡೂ ತಪ್ಪಿದ ಹಾಗೆ. ಬಯಾಲಜಿ ಇದ್ದ ದಿನ ಮಾತ್ರ ನಾನು ಒಂದು ಸಲವೂ ತಪ್ಪಿಸಿಕೊಂಡಿಲ್ಲ. ನಮ್ಮ ಸರ್ ತಮ್ಮ ಹೆಸರು ಬರೆಯಬೇಡ ಅಂದಿದ್ದಾರೆ. ಹಾಗಾಗಿ ಇಲ್ಲಿ ಬರೀ ಸರ್ ಅಂತಲೇ ಬರೆಯುತ್ತೇನೆ. ನಮಗೆ ಇವತ್ತಿಗೂ ಸರ್ ಅಂದರೆ ಅವರೇ.

ಹೃದಯದ ಪಾಠ ಶುರುವಾದದ್ದು ಎರಡನೇ ವರ್ಷ. ಸರ್ ಆ ದಿನ ಪುಸ್ತಕ ತೆರೆಯಲಿಲ್ಲ. ತಮ್ಮ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. "ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡದ ಕಡೆ, ಮೂರು ಬೆರಳು ಇಡಿ. ಹೆಬ್ಬೆರಳಲ್ಲಿ ಮುಟ್ಟಬೇಡಿ, ಅದಕ್ಕೂ ನಾಡಿ ಇದೆ, ಯಾವುದನ್ನ ಎಣಿಸ್ತಿದ್ದೀರಿ ಅಂತಲೇ ಗೊತ್ತಾಗಲ್ಲ" ಅಂದರು. ಎಷ್ಟೋ ಹೊತ್ತು ನನಗೆ ಏನೂ ಸಿಗಲಿಲ್ಲ. ಆಮೇಲೆ ಇದ್ದಕ್ಕಿದ್ದ ಹಾಗೆ ಬೆರಳ ತುದಿಗೆ ಯಾರೋ ಒಳಗಿನಿಂದ ತಟ್ಟಿದ ಹಾಗಾಯಿತು. ಹದಿನೇಳು ವರ್ಷ ಅದು ಅಲ್ಲೇ ತಟ್ಟುತ್ತಾ ಇತ್ತು. ನಾನು ಒಂದು ಸಲವೂ ಮುಟ್ಟಿ ನೋಡಿರಲಿಲ್ಲ.

ಕೆಲವು ಹುಡುಗರು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬೇಗ ಉತ್ತರ ಹೇಳಿದರು. ಸರ್‌ಗೆ ಸಿಟ್ಟು ಬಂದದ್ದನ್ನು ನಾವು ನೋಡಿದ್ದೇ ಕಡಿಮೆ. ಆ ದಿನ ಬಂತು. "ಒಂದೇ ಸಮ ಬಡಿಯುತ್ತೆ ಅಂತ ನಿಮಗೆ ಯಾರು ಹೇಳಿದ್ದು? ಮಧ್ಯದಲ್ಲಿ ಒಂದು ತಪ್ಪಿದರೆ? ಪೂರ್ತಿ ಒಂದು ನಿಮಿಷ ಎಣಿಸಿ!" ಮತ್ತೆ ಎಣಿಸಿದೆವು. ನನ್ನದು 84. ಖೋ ಖೋ ಆಡುತ್ತಿದ್ದ ಗೆಳತಿಯದು 56. ಅವಳಿಗೆ ಏನೋ ಕಾಯಿಲೆ ಇರಬೇಕು ಅಂತ ನಾವೆಲ್ಲ ಗಾಬರಿಯಾದೆವು. ದಿನಾ ಓಡುವವರ ಹೃದಯ ಒಂದೊಂದು ಬಡಿತಕ್ಕೂ ಜಾಸ್ತಿ ರಕ್ತ ತಳ್ಳುತ್ತೆ, ಅದಕ್ಕೇ ಕಡಿಮೆ ಸಲ ಬಡಿದರೂ ಸಾಕಾಗುತ್ತೆ ಅಂತ ಸರ್ ಬಿಡಿಸಿ ಹೇಳಿದರು. ಅವಳು ಆ ಇಡೀ ವಾರ ತಲೆ ಎತ್ತಿಕೊಂಡು ಓಡಾಡಿದಳು.

ಆಮೇಲೆ ಲೆಕ್ಕ. ನಿಮಿಷಕ್ಕೆ 72 ಅಂದರೆ ದಿನಕ್ಕೆ 1,03,680 ಬಡಿತ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತ. ನಿಮಿಷಕ್ಕೆ 5 ಲೀಟರ್, ದಿನಕ್ಕೆ 7,200 ಲೀಟರ್. ನಮ್ಮೂರ ಹಾಲಿನ ಡೈರಿಯಲ್ಲಿ 40 ಲೀಟರಿನ ಕ್ಯಾನ್‌ಗಳಿದ್ದವು. ಒಂದನ್ನು ಎತ್ತಿ ಲಾರಿಗೆ ಹಾಕಲು ಇಬ್ಬರು ಬೇಕು. ಹೃದಯ ದಿನವೊಂದಕ್ಕೆ ತಳ್ಳುವುದು ಅಂಥ 180 ಕ್ಯಾನು! ತೂಕ ನೋಡಿದರೆ ಅದು 300 ಗ್ರಾಮಿನ ಆಸುಪಾಸು. ಅವತ್ತು ಸಂಜೆ ಡೈರಿ ಮುಂದೆ ಬಸ್ಸಿಳಿದವಳು ಆ ಕ್ಯಾನುಗಳನ್ನೇ ನೋಡುತ್ತಾ ನಿಂತುಬಿಟ್ಟೆ.

ಕುರಿಯ ಹೃದಯ ಬಂದದ್ದು ಮುಂದಿನ ವಾರ. ಸರ್ ಬೆಳಿಗ್ಗೆ ತಾವೇ ಮಟನ್ ಅಂಗಡಿಗೆ ಹೋಗಿ ತಂದಿದ್ದರು. ನನ್ನ ಪಕ್ಕ ಕೂರುತ್ತಿದ್ದವಳ ಮನೆಯಲ್ಲಿ ಮಾಂಸ ತಿನ್ನುವುದಿಲ್ಲ. ಅವಳು ಬಾಗಿಲ ಹತ್ತಿರವೇ ನಿಂತಳು. ಸರ್ ಒತ್ತಾಯ ಮಾಡಲಿಲ್ಲ. ಮೇಲಿನ ನಾಳಗಳನ್ನು ಹಾಗೇ ಬಿಟ್ಟು, ಕೆಳಗಿನ ಭಾಗವನ್ನು ಉದ್ದಕ್ಕೆ ಕೊಯ್ದು ತೆರೆದು ತೋರಿಸಿದರು. ಬಲಗಡೆಯ ಕೆಳಗಿನ ಕೋಣೆಯ ಗೋಡೆ ತೆಳ್ಳಗೆ. ಎಡಗಡೆಯದು ಅದರ ಮೂರು ಪಟ್ಟು ದಪ್ಪ. ಬಲಗಡೆಯದು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ನೆತ್ತಿಯಿಂದ ಪಾದದವರೆಗೂ ಮುಟ್ಟಿಸಬೇಕು, ಅಲ್ವಾ? ಕವಾಟಗಳಿಗೆ ಬಿಳಿ ದಾರ ಕಟ್ಟಿದ ಹಾಗಿತ್ತು. ಎಳೆದು ನೋಡಿ ಅಂದರು. ಎಳೆದೆವು. ಕಿತ್ತು ಬರಲಿಲ್ಲ.

ಆಮೇಲೆ ಸರ್ ಮಹಾಧಮನಿಯ, ಅಂದರೆ ಹೃದಯದಿಂದ ಮೈಗೆಲ್ಲ ರಕ್ತ ಒಯ್ಯುವ ದೊಡ್ಡ ನಾಳದ, ಬಾಯಿಗೆ ಒಂದು ಲೋಟ ನೀರು ಸುರಿದರು. ಬುಡದಲ್ಲಿ ಮೂರು ಪುಟ್ಟ ಜೇಬುಗಳು ಉಬ್ಬಿಕೊಂಡು ಒಂದಕ್ಕೊಂದು ಅಂಟಿದವು. ನೀರು ಕೆಳಗೆ ಇಳಿಯಲೇ ಇಲ್ಲ. ಬಾಗಿಲಲ್ಲಿದ್ದವಳು ಅಷ್ಟು ಹೊತ್ತಿಗೆ ಎಲ್ಲರಿಗಿಂತ ಮುಂದೆ ಬಂದು ನಿಂತಿದ್ದಳು. "ಲಬ್ ಡಬ್ ಅಂತ ಕೇಳುತ್ತಲ್ಲ, ಅದು ಬಾಗಿಲು ಮುಚ್ಚೋ ಸದ್ದು. ಕೋಣೆಗಳ ಮಧ್ಯದ ಬಾಗಿಲು ಮುಚ್ಚಿದಾಗ ಲಬ್, ಈ ಜೇಬುಗಳು ಮುಚ್ಚಿದಾಗ ಡಬ್" ಅಂದರು ಸರ್. ಕೊನೆಗೆ ಆ ಜೇಬುಗಳ ಹಿಂದೆ, ಧಮನಿಯ ಗೋಡೆಯಲ್ಲಿ, ಎರಡು ಸಣ್ಣ ತೂತು ತೋರಿಸಿ, ಪೊರಕೆ ಕಡ್ಡಿ ತೂರಿಸಿದರು. ಹೃದಯ ತನಗೆ ಬೇಕಾದ ರಕ್ತ ತೆಗೆದುಕೊಳ್ಳುವುದು ಇಲ್ಲಿಂದ ಅಂದರು. ನಾವು ಚಿತ್ರ ಬರೆದುಕೊಂಡು ಎದ್ದುಬಂದೆವು. ಆ ತೂತುಗಳು ನನಗೆ ಅವತ್ತು ಅರ್ಥವಾಗಿರಲಿಲ್ಲ.

ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಬಗ್ಗೆ ನಮ್ಮ ಸರ್ ಹೇಳುವಾಗಲೂ ಹೀಗೆಯೇ. 1628ರಲ್ಲಿ ಹಾರ್ವೆ ರಕ್ತ ಸುತ್ತು ಹಾಕುತ್ತದೆ ಅಂತ ಪುಸ್ತಕ ಬರೆದ ಅಂತ ಹೇಳಿ ಸುಮ್ಮನಾಗಲಿಲ್ಲ. ಒಬ್ಬ ಹುಡುಗನ ತೋಳಿಗೆ ಕರ್ಚೀಫು ಕಟ್ಟಿದರು. ಮುಂಗೈಯ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ತರುವ ನಾಳ, ಉಬ್ಬಿತು. ಕೆಳಗೆ ಒಂದು ಬೆರಳು ಒತ್ತಿ, ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ ನೀವಿದರು. ನಡುವಿನ ಭಾಗ ಖಾಲಿಯಾಯಿತು. ಮೇಲಿನ ರಕ್ತ ಕೆಳಗೆ ಬರಲಿಲ್ಲ. ಕೆಳಗಿನ ಬೆರಳು ತೆಗೆದ ತಕ್ಷಣ ತುಂಬಿಕೊಂಡಿತು. ಹಾರ್ವೆ ಮಾಡಿ ತೋರಿಸಿದ್ದೂ ಇದನ್ನೇ. ಧಮನಿಯಿಂದ ರಕ್ತ ಈ ಅಭಿಧಮನಿಗೆ ಹೇಗೆ ದಾಟುತ್ತದೆ ಅನ್ನುವುದು ಮಾತ್ರ ಅವನಿಗೆ ಕಾಣಲಿಲ್ಲ. 1661ರಲ್ಲಿ ಇಟಲಿಯ ವಿಜ್ಞಾನಿ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಆ ಕೂದಲಿನಂಥ ನಾಳಗಳನ್ನು ಕಂಡ. ಅಷ್ಟು ಹೊತ್ತಿಗೆ ಹಾರ್ವೆ ತೀರಿಕೊಂಡಿದ್ದ. ಇದನ್ನು ಹೇಳುವಾಗ ಸರ್ ಮುಖದಲ್ಲಿ ನಿಜವಾದ ಬೇಸರ ಇತ್ತು.

1997ರ ಜನವರಿ. ಮನೆಯಲ್ಲಿ ರಾಗಿ ಕಣ. ದೊಡ್ಡಪ್ಪನಿಗೆ ಐವತ್ತೆರಡು ವರ್ಷ. ಬೀಡಿ ಸೇದುತ್ತಿದ್ದರು. ಬೇರೆ ಯಾವ ಕಾಯಿಲೆಯನ್ನೂ ನಾವು ಕಂಡಿರಲಿಲ್ಲ. ಮಧ್ಯಾಹ್ನ ಕಣದಿಂದ ಬಂದವರು ಜಗಲಿ ಮೇಲೆ ಕೂತರು. ಚಳಿಗಾಲದಲ್ಲೂ ಅಂಗಿ ಒದ್ದೆಯಾಗಿತ್ತು. "ಎದೆ ಹಿಡ್ಕಂಡದೆ, ವಾಯು ಇರಬೇಕು" ಅಂದರು. ದೊಡ್ಡಮ್ಮ ಜೀರಿಗೆ ಕಷಾಯ ಕೊಟ್ಟರು. ಎಡ ತೋಳು ಸೇದುತ್ತೆ ಅಂದಾಗ ಹರಳೆಣ್ಣೆ ಹಚ್ಚಿ ತಿಕ್ಕಿದ್ದು ನಾನೇ. ತುಸು ಮಲಗಿದರೆ ಸರಿಹೋಗುತ್ತೆ ಅಂದರು. ಕತ್ತಲಾಗುವ ಹೊತ್ತಿಗೆ ಇಲ್ಲವಾಗಿದ್ದರು.

ಹದಿನೈದು ದಿನ ಬಿಟ್ಟು ಕಾಲೇಜಿಗೆ ಹೋದೆ. ಪೀರಿಯಡ್ ಮುಗಿದ ಮೇಲೆ ಸರ್ ಹತ್ತಿರ ನಿಂತು ಎಲ್ಲ ಹೇಳಿ, "ಎದೆ ನೋವು ತೋಳಿಗೆ ಯಾಕೆ ಬಂತು ಸರ್?" ಅಂತ ಕೇಳಿದೆ. ಸರ್ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಸೀಮೆಸುಣ್ಣ ತಗೊಂಡರು.

"ಗೊರೂರು ಡ್ಯಾಮ್ ನೋಡಿದ್ದೀಯಲ್ಲಮ್ಮ. ಡ್ಯಾಮಿನ ತುಂಬ ನೀರಿರುತ್ತೆ. ಆದರೂ ನಾಲೆ ಕಟ್ಟಿಕೊಂಡರೆ ಗದ್ದೆ ಒಣಗುತ್ತೆ, ಹೌದಾ? ಹೃದಯದ ಕೋಣೆ ತುಂಬ ರಕ್ತ ಇದ್ದರೂ ಅದರ ದಪ್ಪ ಗೋಡೆಗೆ ಆ ರಕ್ತ ಸಿಗಲ್ಲ. ಅವತ್ತು ಕಡ್ಡಿ ತೂರಿಸಿದೆನಲ್ಲ, ಆ ಎರಡು ತೂತಿಂದ ಹೊರಟ ನಾಲೆಯಲ್ಲೇ ಬರಬೇಕು." ಆ ನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕೂರುತ್ತದೆ. ಒಂದು ದಿನ ಅದು ಬಿರಿದು, ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಸ್ನಾಯು ಸಾಯಲು ಶುರುವಾಗುತ್ತದೆ. ಹೃದಯದ ನರಗಳೂ ತೋಳಿನ ನರಗಳೂ ಬೆನ್ನುಹುರಿಗೆ ಬಂದು ಸೇರುವುದು ಒಂದೇ ಮಟ್ಟದಲ್ಲಿ. ಹಾಗಾಗಿ ನೋವು ಎಲ್ಲಿಯದು ಅಂತ ಮೆದುಳಿಗೆ ಬೇರೆ ಮಾಡಲು ಆಗುವುದಿಲ್ಲ.

ನಾನು ಅಳುತ್ತಿದ್ದೆ. "ಎಣ್ಣೆ ಹಚ್ಚಿದ್ದು ತಪ್ಪಾ ಸರ್?" ಅಂದೆ. "ನಿನಗೆ ನಾನು ಇದನ್ನ ಮೊದಲೇ ಹೇಳಬೇಕಿತ್ತು" ಅಂದರು. ಬೋರ್ಡು ಒರೆಸಲಿಲ್ಲ. ಮಾರನೆ ದಿನ ಇಡೀ ಕ್ಲಾಸಿಗೆ ಅದನ್ನೇ ಪಾಠ ಮಾಡಿದರು. ಪರೀಕ್ಷೆಗೆ ಬರುವುದಿಲ್ಲ, ಆದರೂ ಬರೆದುಕೊಳ್ಳಿ ಅಂದರು.

ಮೆಡಿಕಲ್ ಸೀಟು ನನಗೆ ಸಿಗಲಿಲ್ಲ. ತಾಂತ್ರಿಕ ಕೋರ್ಸ್ ಮಾಡಿ ಇಸಿಜಿ, ಅಂದರೆ ಹೃದಯದ ವಿದ್ಯುತ್ತನ್ನು ಕಾಗದದ ಮೇಲೆ ಗೆರೆಯಾಗಿ ತೆಗೆಯುವ ಕೆಲಸಕ್ಕೆ ಸೇರಿದೆ. ಇಪ್ಪತ್ತು ವರ್ಷ ದಾಟಿತು. ಕೈಕಾಲಿಗೆ ನಾಲ್ಕು, ಎದೆಗೆ ಆರು, ಒಟ್ಟು ಹತ್ತು ವೈರು. ಅದರಿಂದ ಹೃದಯವನ್ನು ಹನ್ನೆರಡು ಕಡೆಯಿಂದ ನೋಡಿದ ಹಾಗೆ. ಎದೆಯ ಮೊದಲ ಎರಡು ವೈರು ನಾಲ್ಕನೇ ಪಕ್ಕೆಲುಬಿನ ಕೆಳಗಿನ ಸಂದಿಯಲ್ಲೇ ಬರಬೇಕು. ಒಂದು ಸಂದಿ ಮೇಲೆ ಹೋದರೂ ಚಿತ್ರ ಬೇರೆಯಾಗುತ್ತದೆ. ಎಷ್ಟೇ ಕ್ಯೂ ಇರಲಿ, ನಾನು ಪಕ್ಕೆಲುಬು ಎಣಿಸಿಯೇ ಇಡುತ್ತೇನೆ. ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕ ಅಂದರೆ 0.04 ಸೆಕೆಂಡು. ಮೇಲಿನ ಕೋಣೆಗಳ ವಿದ್ಯುತ್ತಿಗೆ ಪಿ ಅಲೆ, ಕೆಳಗಿನದಕ್ಕೆ ಕ್ಯೂಆರ್‌ಎಸ್, ಆಮೇಲೆ ಟಿ. ಈ ಹೆಸರುಗಳನ್ನು ಕೊಟ್ಟ ಐಂಥೋವನ್‌ಗೆ 1924ರಲ್ಲಿ ನೊಬೆಲ್ ಬಂತು ಅಂತ ಸರ್ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ದೊಡ್ಡಪ್ಪ ವಾಯು ಅಂದಿದ್ದನ್ನು ಈಗ ಎಲ್ಲರೂ ಗ್ಯಾಸ್ಟ್ರಿಕ್ ಅನ್ನುತ್ತಾರೆ. ಸೋಡಾ ಕುಡಿದು, ಮಾತ್ರೆ ನುಂಗಿ, ರಾತ್ರಿ ಕಳೆದು, ಬೆಳಿಗ್ಗೆ ಬರುತ್ತಾರೆ. ಹೆಂಗಸರಂತೂ ಪಾತ್ರೆ ತೊಳೆದಿಟ್ಟು ಬರುತ್ತಾರೆ. ಎದೆ ನೋವೇ ಇಲ್ಲದೆ ಬರೀ ದವಡೆ ನೋವು, ಸುಸ್ತು, ಬೆವರು, ಉಸಿರು ಕಟ್ಟುವುದು ಇಷ್ಟೇ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೆಂಗಸರಲ್ಲಿ, ವಯಸ್ಸಾದವರಲ್ಲಿ ಹೀಗಾಗುವುದು ಜಾಸ್ತಿ. ಇದು ಗ್ಯಾಸ್ಟ್ರಿಕ್ಕೋ ಹೃದಯವೋ ಅಂತ ಮನೆಯಲ್ಲಿ ಕೂತು ತೀರ್ಮಾನ ಮಾಡಲು ಆಗುವುದಿಲ್ಲ. ನನಗೂ ಆಗುವುದಿಲ್ಲ. ಅದಕ್ಕೇ ಇಸಿಜಿ ಇರುವುದು. ಈಗ ತಾಲ್ಲೂಕು ಆಸ್ಪತ್ರೆಗಳಲ್ಲೇ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ ಇದೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಬೇಕಾದವರಿಗೆ ಅಲ್ಲೇ ಉಚಿತವಾಗಿ ಕೊಡುತ್ತಾರೆ. ದೊಡ್ಡಪ್ಪನ ಕಾಲದಲ್ಲಿ ಇದು ಇರಲಿಲ್ಲ. ಇರುವಾಗಲೂ ಜನ ತಡವಾಗಿ ಬರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

2025ರ ಜೂನ್, ಜುಲೈ ನೆನಪಿದೆಯಲ್ಲ? ಟಿವಿ ಹಾಕಿದರೆ ಹಾಸನದ ಹೆಸರು. ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಕುಸಿದು ಸತ್ತ ಸುದ್ದಿ. ನನ್ನ ಕೋಣೆಯ ಮುಂದೆ ಬೆಳಗಾಗುವ ಮೊದಲೇ ಕ್ಯೂ. ಇಪ್ಪತ್ತೈದರ ಹುಡುಗರ ಕೈ ನಡುಗುತ್ತಿತ್ತು. ತಜ್ಞರ ಸಮಿತಿ ಪರಿಶೀಲಿಸಿ, ಸಾವು ಅಸಹಜವಾಗಿ ಹೆಚ್ಚಾಗಿಲ್ಲ ಅಂತ ಹೇಳಿತು. ಸಕ್ಕರೆ ಕಾಯಿಲೆ, ಬಿಪಿ, ಸಿಗರೇಟು, ಬೊಜ್ಜು ಎಂಬ ಹಳೆಯ ಕಾರಣಗಳೇ ಎದ್ದು ಕಂಡವು. ನನ್ನನ್ನು ಕಾಡಿದ್ದು ಇನ್ನೊಂದು. ಇಸಿಜಿ ನಾರ್ಮಲ್ ಬಂದ ಹುಡುಗರು ಇನ್ನೇನೂ ಭಯವಿಲ್ಲ ಅಂತ ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದರು. ಇಸಿಜಿ ಹೇಳುವುದು ಆ ಹೊತ್ತಿನ ಮಾತು ಮಾತ್ರ. ನಾಳ ಅರ್ಧ ಮುಚ್ಚಿದ್ದರೂ ಸುಮ್ನೆ ಮಲಗಿದ್ದಾಗ ತೆಗೆದ ಇಸಿಜಿ ಸರಿಯಾಗಿಯೇ ಬರಬಹುದು. ಎಷ್ಟು ಜನರಿಗೆ ಇದನ್ನು ಹೇಳಿದೆನೋ ಲೆಕ್ಕವಿಲ್ಲ.

ಆ ಗಲಾಟೆ ತಣ್ಣಗಾದ ಮೇಲೆ ಒಂದು ದಿನ ಕ್ಯೂನಲ್ಲಿ ಸರ್ ನಿಂತಿದ್ದರು. ಇದನ್ನು ಅವರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಎದೆ ನೋವಿಲ್ಲ, ಸುಸ್ತೂ ಇಲ್ಲ. ಜೇಬಿನಿಂದ ಒಂದು ಚೀಟಿ ತೆಗೆದು ಕೊಟ್ಟರು. ದಿನಾ ಬೆಳಿಗ್ಗೆ ಎಣಿಸಿದ ನಾಡಿಯ ಲೆಕ್ಕ. 70, 72, 71. ಆಮೇಲೆ 96, 118, 104. ಪಕ್ಕದಲ್ಲಿ ಅದೇ ದುಂಡಗಿನ ಅಕ್ಷರ: "ಒಂದೇ ಸಮ ಇಲ್ಲ."

ವೈರು ಹಾಕುವಾಗ ನನ್ನ ಕೈಯೇ ನಡುಗಿತು. ಕಾಗದ ಹೊರಬಂತು. ಬಡಿತಗಳ ನಡುವಿನ ಅಂತರ ಒಂದೊಂದು ಥರ. ಸರ್ ಕನ್ನಡಕ ಹಾಕಿಕೊಂಡು ಎದ್ದು ಕೂತರು.

"ಪಿ ಅಲೆ ತೋರಿಸಮ್ಮ."

"ಇಲ್ಲ ಸರ್."

ಮೇಲಿನ ಕೋಣೆಗಳು ಸರಿಯಾಗಿ ಸಂಕುಚಿಸದೆ ಬರೀ ಅದುರುತ್ತಿದ್ದವು. ಹಾಗಾದಾಗ ರಕ್ತ ಅಲ್ಲೇ ನಿಂತು ಹೆಪ್ಪುಗಟ್ಟಬಹುದು. ಆ ಹೆಪ್ಪು ಮೆದುಳಿಗೆ ಹೋದರೆ ಪಾರ್ಶ್ವವಾಯು. ಡಾಕ್ಟರ್ ಅದೇ ದಿನ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಶುರು ಮಾಡಿದರು. ಈಗ ತಿಂಗಳಿಗೊಮ್ಮೆ ಬರುತ್ತಾರೆ. ನನ್ನ ಮೆಷಿನ್ ನಾಡಿಯ ಸಂಖ್ಯೆಯನ್ನು ತಾನೇ ತೋರಿಸುತ್ತದೆ. ಆದರೂ ಸರ್ ಗಡಿಯಾರ ಬಿಚ್ಚಿ ಮೇಜಿನ ಮೇಲಿಡುತ್ತಾರೆ. ನಾನು ಅವರ ಮಣಿಕಟ್ಟು ಹಿಡಿದು ಪೂರ್ತಿ ಒಂದು ನಿಮಿಷ ಎಣಿಸುತ್ತೇನೆ. ಇಬ್ಬರೂ ಮಾತಾಡುವುದಿಲ್ಲ.