ಪಂಪ್ ಬಿಚ್ಚುವ ಮುನ್ನ: ಜಗ್ಗದ ಹಳೆಯ ಟ್ರ್ಯಾಕ್ಟರಿನ ತಪಾಸಣೆ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟ ಕೂಡಲೇ ಕಾರಟಗಿ, ಗಂಗಾವತಿ, ಸಿಂಧನೂರು ಕಡೆಯ ಎಲ್ಲ ಟ್ರ್ಯಾಕ್ಟರುಗಳಿಗೂ ಒಮ್ಮೆಲೇ ಕೆಲಸ ಬರುತ್ತದೆ. ಉಳಿದ ಕಾಲದಲ್ಲಿ ಟ್ರೇಲರ್ ಎಳೆದುಕೊಂಡು ಹೇಗೋ ನಡೆದುಹೋಗುವ ಹಳೆಯ ಗಾಡಿಯ ನಿಜವಾದ ಸ್ಥಿತಿ, ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರದಂಥ ಗಾಲಿ) ಹಾಕಿ ಭತ್ತದ ಗದ್ದೆಯ ಕೆಸರಿಗೆ ಇಳಿಸಿದಾಗಲೇ ತಿಳಿಯುವುದು. ಮೂರು ಸಿಲಿಂಡರಿನ, 35 ಅಶ್ವಶಕ್ತಿಯ ನಮ್ಮ ಡೀಸೆಲ್ ಟ್ರ್ಯಾಕ್ಟರ್ ಈ ಮುಂಗಾರಿನಲ್ಲಿ ಹಾಗೆಯೇ ಕೈಕೊಟ್ಟಿತು. “ಅಣ್ಣಾರ, ಗಾಡಿ ಜಗ್ಗವಲ್ದು” ಎಂದು ಡ್ರೈವರ್ ಹೇಳಿದ್ದೇ ತಡ, ಪಕ್ಕದ ಗದ್ದೆಯವರು “ಪಂಪ್ ಹೋಗಿರಬೇಕ್ರಿ, ಬಿಚ್ಚಿಸಿಬಿಡ್ರಿ” ಎಂದು ತೀರ್ಪು ಕೊಟ್ಟುಬಿಟ್ಟರು.

ನಮ್ಮ ಭಾಗದಲ್ಲಿ ಶಕ್ತಿ ಕುಂದಿದ ಯಾವ ಟ್ರ್ಯಾಕ್ಟರಿಗಾದರೂ ಸಿಗುವ ತೀರ್ಪು ಇದೇ. ಆದರೆ ಸಿಲಿಂಡರುಗಳಿಗೆ ಒತ್ತಡದಲ್ಲಿ ಡೀಸೆಲ್ ಕಳಿಸುವ ಈ ಇಂಧನ ಪಂಪ್ ಇಡೀ ಎಂಜಿನ್ನಿನಲ್ಲೇ ಅತ್ಯಂತ ಸೂಕ್ಷ್ಮವಾದ, ಬಿಚ್ಚಿದರೆ ಅತಿ ಹೆಚ್ಚು ಖರ್ಚು ತರುವ ಭಾಗವಾದ್ದರಿಂದ, ಅದರ ಮೇಲಿನ ಅನುಮಾನವನ್ನು ಎಲ್ಲಕ್ಕಿಂತ ಕೊನೆಗೆ ಇಟ್ಟುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಕುಂದಿರುವುದು ಎಂಜಿನ್ನಿನ ಶಕ್ತಿಯೇ ಹೌದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊರೆ ಬಿದ್ದಾಗ ಎಂಜಿನ್ನಿನ ಸದ್ದು ಇಳಿಯದೆ ಗಾಡಿ ಮಾತ್ರ ನಿಧಾನವಾದರೆ ಅದು ಕ್ಲಚ್ ಜಾರುತ್ತಿರುವ ಲಕ್ಷಣ. ಸ್ವಲ್ಪ ದೂರ ಓಡಿಸಿದ ಮೇಲೆ ಒಂದು ಬದಿಯ ಬ್ರೇಕ್ ಡ್ರಮ್ ಮಾತ್ರ ಮುಟ್ಟಲಾಗದಷ್ಟು ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ ಎಂದರ್ಥ. ಸದ್ದೇ ಕುಸಿಯುತ್ತಾ ಬಂದರೆ ಮಾತ್ರ ಎಂಜಿನ್ನಿನ ಕಡೆಗೆ ತಿರುಗಬೇಕು. ಆಗಲೂ ಸ್ಪ್ಯಾನರ್ ಹಿಡಿಯುವ ಮೊದಲು, ಆಕ್ಸಿಲರೇಟರ್ ಪೂರ್ತಿ ಎಳೆದಾಗ ಪಂಪಿನ ಮೇಲಿನ ಲಿವರ್ ತನ್ನ ಸ್ಟಾಪ್ ಸ್ಕ್ರೂವರೆಗೆ ಹೋಗಿ ತಾಗುತ್ತದೆಯೇ ಎಂದು ಇನ್ನೊಬ್ಬರನ್ನು ನಿಲ್ಲಿಸಿ ನೋಡಬೇಕು. ಹಳೆಯ ಗಾಡಿಗಳಲ್ಲಿ ಆ ಲಿವರನ್ನು ಎಳೆಯುವ ರಾಡಿನ ಪಿನ್ನುಗಳು ಸವೆದು, ಅರ್ಧ ಆಕ್ಸಿಲರೇಟರಿಗೇ ಆಟ ಮುಗಿದಿರುತ್ತದೆ.

ಆ ನಂತರ ನೋಡಬೇಕಾದದ್ದು ಹೊಗೆ, ಅದೂ ನಿಂತಲ್ಲಿ ಬರುವ ಹೊಗೆಯಲ್ಲ, ಹೊರೆ ಎಳೆಯುವಾಗ ಬರುವ ಹೊಗೆ. ಎಂಜಿನ್ ಕುಸಿಯುತ್ತಾ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಹೋಗುತ್ತಿದೆ, ಆದರೆ ಅದು ಉರಿಯಲು ಬೇಕಾದಷ್ಟು ಗಾಳಿ ಇಲ್ಲ, ಇಲ್ಲವೇ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಜಲ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಇಂಧನ ಉರಿಯದೆಯೇ ಹೊರಬೀಳುತ್ತಿದೆ. ನಾಜಲ್, ಟೈಮಿಂಗ್ (ಡೀಸೆಲ್ ಸಿಂಪಡಿಸುವ ಸಮಯ), ಕಂಪ್ರೆಶನ್ (ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುವ ಒತ್ತಡ) ಮೂರನ್ನೂ ಅನುಮಾನಿಸಬೇಕು. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಹೊಗೆಯೇ ಇಲ್ಲದೆ ಎಂಜಿನ್ ಸುಮ್ಮನೆ ಸೋತು ನಿಲ್ಲುತ್ತದೆಂದರೆ ಅದಕ್ಕೆ ಡೀಸೆಲ್ಲೇ ಸಾಲುತ್ತಿಲ್ಲ. ನಮ್ಮ ಗಾಡಿಯದು ಹೆಚ್ಚಾಗಿ ಈ ಕೊನೆಯ ಬಗೆ: ಒಂದೆರಡು ಸುತ್ತು ಚೆನ್ನಾಗಿ ಹೊಡೆದು ಕುಸಿಯುತ್ತಿತ್ತು, ಸ್ವಲ್ಪ ಹೊತ್ತು ನಿಲ್ಲಿಸಿದರೆ ಮತ್ತೆ ಜಗ್ಗುತ್ತಿತ್ತು. ಪಂಪ್ ಸವೆದಿದ್ದರೆ ಸ್ವಲ್ಪ ಹೊತ್ತಿನ ವಿಶ್ರಾಂತಿಗೆ ಸಾಮಾನ್ಯವಾಗಿ ಹೀಗೆ ಚೇತರಿಸಿಕೊಳ್ಳುವುದಿಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ಅಡಚಣೆ ಇದ್ದಾಗಲೇ ಹೆಚ್ಚಾಗಿ ಈ ಲಕ್ಷಣ ಕಾಣುವುದು.

ಇದಕ್ಕೆ ಬೇಕಾದ ಪರೀಕ್ಷೆಗೆ ಒಂದು ಸ್ಪ್ಯಾನರ್, ಒಂದು ಸ್ವಚ್ಛ ಬಾಟಲಿ ಸಾಕು. ಟ್ಯಾಂಕಿನ ಕಾಕ್ (ಡೀಸೆಲ್ ಬಿಡುವ ನಲ್ಲಿ) ಕೆಳಗಿನ ಪೈಪ್ ಬಿಚ್ಚಿ ಡೀಸೆಲ್ಲನ್ನು ಬಾಟಲಿಗೆ ಬಿಡಬೇಕು. ಧಾರೆ ದಪ್ಪಗೆ ಶುರುವಾಗಿ ಅಷ್ಟೇ ದಪ್ಪಗೆ ಮುಂದುವರಿಯಬೇಕು. ನಮ್ಮದು ಶುರುವಿನಲ್ಲಿ ಬೆರಳು ದಪ್ಪ ಬಿದ್ದು, ಬಾಟಲಿ ಅರ್ಧ ತುಂಬುವಷ್ಟರಲ್ಲಿ ದಾರದಷ್ಟಾಯಿತು. ಮುಚ್ಚಳದಲ್ಲಿರುವ ಗಾಳಿಯ ತೂತು ಮುಚ್ಚಿಕೊಂಡಿದ್ದರೂ ಹೀಗಾಗುತ್ತದೆ, ಏಕೆಂದರೆ ಡೀಸೆಲ್ ಇಳಿದ ಜಾಗಕ್ಕೆ ಗಾಳಿ ಬಾರದೆ ಟ್ಯಾಂಕಿನೊಳಗೆ ನಿರ್ವಾತ ಉಂಟಾಗುತ್ತದೆ. ಆದರೆ ಮುಚ್ಚಳ ತೆಗೆದಿಟ್ಟರೂ ಧಾರೆ ಸುಧಾರಿಸಲಿಲ್ಲ. ಪೈಪಿನಿಂದ ಟ್ಯಾಂಕಿನೊಳಕ್ಕೆ ಗಾಳಿ ಊದಿದಾಗ ಗುಳುಗುಳು ಸದ್ದಾಗಿ, ಸ್ವಲ್ಪ ಹೊತ್ತು ದಪ್ಪ ಧಾರೆ ಬಂದು ಮತ್ತೆ ಸಣ್ಣದಾಯಿತು. ಅಲ್ಲಿಗೆ ದೋಷ ಇರುವ ಜಾಗ ಖಚಿತವಾಯಿತು.

ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಕಾಕ್ ಬಿಚ್ಚಿದಾಗ, ಅದರ ಜಾಲರಿಗೆ ತುಕ್ಕಿನ ಚಕ್ಕೆಗಳೊಂದಿಗೆ ಕಂದು ಬಣ್ಣದ, ಬೆರಳಿಗೆ ಅಂಟುವ ಲೋಳೆ ಮೆತ್ತಿಕೊಂಡಿತ್ತು. ಬೇಸಿಗೆಯಿಡೀ ಅರ್ಧ ಖಾಲಿ ಟ್ಯಾಂಕಿನೊಂದಿಗೆ ನಿಂತ ಗಾಡಿಯಲ್ಲಿ ಒಳಗಿನ ಗಾಳಿಯ ತೇವ ರಾತ್ರಿ ತಣಿದು ನೀರಾಗಿ ತಳ ಸೇರುತ್ತದೆ. ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲ್ಲಿನಿಂದಲೂ ನೀರು ಬರುತ್ತದೆ. ಆ ನೀರು ಟ್ಯಾಂಕಿಗೆ ತುಕ್ಕು ಹಿಡಿಸುವುದಲ್ಲದೆ, ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಡೀಸೆಲ್ಲನ್ನೇ ತಿಂದು ಬದುಕುವ ಸೂಕ್ಷ್ಮಜೀವಿಗಳು ಬೆಳೆದು ಇಂಥ ಲೋಳೆಯನ್ನು ಮಾಡುತ್ತವೆ. ಗಾಡಿ ನಿಲ್ಲಿಸುವ ಮುನ್ನ ಟ್ಯಾಂಕ್ ತುಂಬಿಸಿಡಬೇಕೆಂದು ಹಳಬರು ಹೇಳುತ್ತಿದ್ದುದಕ್ಕೆ ಕಾರಣ ಇದೇ.

ಟ್ಯಾಂಕ್ ತೊಳೆದು, ಎರಡೂ ಡೀಸೆಲ್ ಫಿಲ್ಟರ್ ಬದಲಿಸಿದ ಮೇಲೆ ಡೀಸೆಲ್ ದಾರಿಯಲ್ಲಿ ಸೇರಿದ ಗಾಳಿ ತೆಗೆಯುವುದು ತಾಳ್ಮೆಯ ಕೆಲಸ. ಮೊದಲ ಫಿಲ್ಟರ್, ಎರಡನೆಯ ಫಿಲ್ಟರ್, ಆಮೇಲೆ ಪಂಪಿನ ಸ್ಕ್ರೂ, ಈ ಕ್ರಮದಲ್ಲಿ ಒಂದೊಂದಾಗಿ ಸಡಿಲಿಸಿ, ಗುಳ್ಳೆ ಪೂರ್ತಿ ನಿಲ್ಲುವವರೆಗೂ, ಟ್ಯಾಂಕಿನ ಡೀಸೆಲ್ಲನ್ನು ಇಂಧನ ಪಂಪಿನ ಕಡೆಗೆ ತಳ್ಳುವ ಸಣ್ಣ ಫೀಡ್ ಪಂಪಿನ ಕೈ ಲಿವರ್ ಒತ್ತಬೇಕು. ಲಿವರ್ ಒತ್ತಿದರೂ ಬಿಗಿ ಸಿಗದಿದ್ದರೆ ಫೀಡ್ ಪಂಪ್ ಕೆಟ್ಟಿತೆಂದು ಹೊಸದು ತರಲು ಓಡಬೇಕಾಗಿಲ್ಲ. ಎಂಜಿನ್ನಿನೊಳಗೆ ಅದನ್ನು ನಡೆಸುವ ಕ್ಯಾಮ್ (ತಿರುಗುವ ಉಬ್ಬು) ಅದನ್ನು ಎತ್ತಿ ಹಿಡಿದಿರಬಹುದು. ಎಂಜಿನ್ ಸ್ವಲ್ಪ ತಿರುಗಿಸಿದರೆ ಲಿವರಿಗೆ ಮತ್ತೆ ಹಿಡಿತ ಬರುತ್ತದೆ.

ಇಷ್ಟಾದ ಮೇಲೆ ಗಾಡಿ ಕುಸಿಯುವುದು ನಿಂತಿತು, ಆದರೆ ಈಗ ಹೊರೆಯಲ್ಲಿ ಕಪ್ಪು ಹೊಗೆ ಕಾಣಿಸಿಕೊಂಡಿತು. ಡೀಸೆಲ್ ಕಡಿಮೆ ಇದ್ದಾಗ ಗಾಳಿಯ ಕೊರತೆ ಮರೆಯಾಗಿರುತ್ತದೆ. ಹಳೆಯ ಯಂತ್ರದಲ್ಲಿ ಎರಡು ದೋಷ ಒಟ್ಟಿಗೆ ಇರುವುದು ಅಪರೂಪವಲ್ಲ. ಎರೆಹೊಲದ ದೂಳು ಕುಡಿದ ಏರ್ ಕ್ಲೀನರಿನ ಬಟ್ಟಲಿನಲ್ಲಿ ಆಯಿಲ್ ಎನ್ನುವುದಕ್ಕಿಂತ ಕೆಸರೇ ಹೆಚ್ಚಿತ್ತು. ಅದನ್ನು ತೊಳೆದು ಗುರುತಿನವರೆಗೆ ಮಾತ್ರ ಹೊಸ ಆಯಿಲ್ ಹಾಕಬೇಕು. ಹೆಚ್ಚಾದರೆ ಎಂಜಿನ್ ಅದನ್ನೇ ಎಳೆದುಕೊಳ್ಳುತ್ತದೆ. ಏರ್ ಕ್ಲೀನರ್ ಕಳಚಿ ಹೊಲದಲ್ಲಿ ಓಡಿಸಿ ನೋಡುವ ಅಭ್ಯಾಸವನ್ನಂತೂ ಬಿಡಲೇಬೇಕು, ಲೈನರ್ (ಸಿಲಿಂಡರಿನ ಒಳಗೋಡೆ) ಸವೆಯಲು ಆ ದೂಳು ಧಾರಾಳ ಸಾಕು.

 

ಮೂರು ಸಿಲಿಂಡರುಗಳೂ ಸಮನಾಗಿ ದುಡಿಯುತ್ತಿವೆಯೇ ಎಂದು ತಿಳಿಯಲು, ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಬಟ್ಟೆ ಸುತ್ತಿ ಅರ್ಧ ಸುತ್ತು ಸಡಿಲಿಸಬೇಕು. ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗುವುದಿಲ್ಲವೋ ಆ ಸಿಲಿಂಡರ್ ದುಡಿಯುತ್ತಿಲ್ಲ. ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುವಂಥದ್ದಾದ್ದರಿಂದ ಬೆರಳನ್ನು ಅಡ್ಡ ಹಿಡಿಯಲೇಬಾರದು. ಅಂಥ ಸಿಲಿಂಡರಿನ ನಾಜಲ್ ಚೆನ್ನಾಗಿದ್ದರೆ ಟ್ಯಾಪೆಟ್ ಸೆಟ್ಟಿಂಗ್ (ವಾಲ್ವುಗಳ ಸಂದಿನ ಅಳತೆ) ನೋಡಿ, ಆಮೇಲೆ ಕಂಪ್ರೆಶನ್ ಅಳೆಸಬೇಕು. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಭುಸ್ ಎಂದು ಬರುತ್ತಿದ್ದರೆ ಪಿಸ್ಟನ್ನಿನ ರಿಂಗ್ ಮತ್ತು ಲೈನರ್ ಸವೆದಿರಬಹುದು, ಅದರ ಲೆಕ್ಕ ಬೇರೆ.

ಇವೆಲ್ಲ ಸರಿಯಿದ್ದು, ಪಂಪಿನ ಬಾಯಿಯವರೆಗೆ ಗುಳ್ಳೆಯಿಲ್ಲದ ಶುದ್ಧ ಡೀಸೆಲ್ ಬರುತ್ತಿದ್ದರೂ ಎಂಜಿನ್ ಹೊಗೆಯಿಲ್ಲದೆ ಸೋಲುತ್ತಿದ್ದರೆ ಆಗ ಪಂಪನ್ನು ಅನುಮಾನಿಸುವುದು ನ್ಯಾಯ. ಆಗಲೂ ಸೀಲ್ ಒಡೆದು ಡೀಸೆಲ್ ಹೆಚ್ಚಿಸುವ ಸ್ಕ್ರೂ ತಿರುಗಿಸಲು ಯಾರಿಗೂ ಬಿಡಬಾರದು. ಕೆಲವು ದಿನ ಗಾಡಿ ಜಗ್ಗಿದಂತೆ ಕಂಡರೂ ಹೆಚ್ಚಿದ ಬಿಸಿಗೆ ಪಿಸ್ಟನ್ ಸುಡುತ್ತದೆ. ಕ್ಯಾಲಿಬ್ರೇಶನ್ ಬೆಂಚ್ (ಪಂಪನ್ನು ಓಡಿಸಿ ಅಳೆದು ಹೊಂದಿಸುವ ಯಂತ್ರ) ಇರುವ ಅಂಗಡಿಗೇ ಒಯ್ಯಬೇಕು, ಮತ್ತು ಪಂಪ್ ಕಳಚುವ ಮುನ್ನ ಅದನ್ನು ಎಂಜಿನ್ನಿಗೆ ಬಿಗಿಯುವ ಫ್ಲ್ಯಾಂಜಿನ ಮೇಲೂ ಎಂಜಿನ್ನಿನ ಮೇಲೂ ಕೂಡುವಂತೆ ಉಳಿಯಿಂದ ಒಂದು ಗೆರೆ ಎಳೆದಿಟ್ಟುಕೊಂಡರೆ ಮರಳಿ ಕೂರಿಸುವಾಗ ಟೈಮಿಂಗ್ ತಪ್ಪುವುದಿಲ್ಲ.