ಜ್ವರ ಬಂದ್ರ ಗಂಜಿ ಯಾರ್ ಕಾಸ್ತಾರ?

ಅಣ್ಣ ಬುಧವಾರ ದುಮ್ಕಾಕ್ಕೆ ವಾಪಸ್ ಹೋದ. ಹುಮನಾಬಾದ್ ಹತ್ತಿರದ ಆ ಅಜ್ಜಿಯ ಮಾತು ಮಾತ್ರ ನನ್ನ ತಲೆಯಲ್ಲೇ ಕೂತಿದೆ.

ಅಲ್ಲಿ, ಜಾರ್ಖಂಡಿನಲ್ಲಿ, ಸಂತಾಲ ಆದಿವಾಸಿಗಳ ಹಳ್ಳಿಗಳಲ್ಲಿ ಮಿಷನರಿಯಾಗಿ ಸೇವೆ ಮಾಡುವ ಅವನು ರಜೆಗೆ ಬಂದರೂ ಮನೆಯಲ್ಲಿ ಇರೋದು ಕಡಿಮೆ. ಬೀದರ್, ಹುಮನಾಬಾದ್, ಕಲಬುರಗಿ, ಯಾದಗಿರಿ ಅಂತ ಒಂದು ಚರ್ಚಿನ ಸಭೆಯಿಂದ ಇನ್ನೊಂದಕ್ಕೆ ಸುತ್ತುತ್ತಾನೆ. ಈ ಸಲ ನಾನೂ ಜೊತೆಗೆ ಹೊರಟೆ. 2017ರಲ್ಲಿ ಬೀದರ್–ಕಲಬುರಗಿ ರೈಲು ಶುರುವಾದ ಮೇಲೆ ಓಡಾಟ ಎಷ್ಟೋ ಸಲೀಸು.

ಎಲ್ಲಾ ಕಡೆ ಒಂದೇ ಥರ. ಪ್ರಕಟಣೆಗಳೆಲ್ಲ ಮುಗಿದ ಮೇಲೆ, ‘ಬ್ರದರ್, ಐದು ನಿಮಿಷದಾಗ ಸಾಕ್ಷಿ ಹೇಳ್ರಿ’ ಅಂತಾರೆ, ಅಂದರೆ ಸೇವೆಯ ಅನುಭವ ಹಂಚಿಕೊಳ್ಳಿ ಅಂತ. ಅವನು ಸಂತಾಲರ ಹಾಗೆ ‘ಜೋಹಾರ್’ ಅಂತ ನಮಸ್ಕರಿಸಿದರೆ ಮಕ್ಕಳು ನಗುತ್ತಾರೆ. ಹೊರಗೆ ಬಂದರೆ ಹಿರಿಯರದು ಒಂದೇ ಪ್ರಶ್ನೆ: ‘ಎಷ್ಟು ಮಂದಿ ದೀಕ್ಷಾಸ್ನಾನ ತಗೊಂಡ್ರು?’ ಅಂದರೆ, ಎಷ್ಟು ಮಂದಿ ಕ್ರೈಸ್ತರಾದರು ಅಂತ. ಒಬ್ಬ ಕಮಿಟಿ ಮೆಂಬರ್ ಅಂತೂ ಬರೆದುಕೊಳ್ಳೋಕೆ ಫೋನ್ ತೆಗೆದೇ ನಿಂತಿದ್ದರು. ಒಳ್ಳೆಯವರು, ಕೈಬಿಚ್ಚಿ ಕಾಣಿಕೆ ಕೊಡುವವರು. ಆದರೂ ನನಗೆ ಸಿಟ್ಟು ಬಂತು. ಅಲ್ಲಿನ ಕ್ರೈಸ್ತರು ಓದುವ ರೋಮನ್ ಅಕ್ಷರದ ಸಂತಾಲಿ ಬೈಬಲ್ ಓದೋಕೆ ಅವನು ವರ್ಷಗಟ್ಟಲೆ ತಿಣುಕಿದ. ಸಂತಾಲಿ ಭಾಷೆಗೆ ಅಂತಲೇ ರಘುನಾಥ್ ಮುರ್ಮು 1925ರಲ್ಲಿ ರೂಪಿಸಿದ ಓಲ್ ಚಿಕಿ ಲಿಪಿಯನ್ನೂ ಪಟ್ಟು ಹಿಡಿದು ಕಲಿತ. ಅದನ್ನೆಲ್ಲ ಯಾವ ಲೆಕ್ಕಕ್ಕೆ ಬರೆಯೋದು?

ಅಜ್ಜಿ ನಮ್ಮನ್ನು ಊಟಕ್ಕೆ ಕರೆದಿದ್ದಳು. ಪುಂಡಿಪಲ್ಯ, ಖಡಕ್ ರೊಟ್ಟಿ, ಶೇಂಗಾ ಹಿಂಡಿ. ರೊಟ್ಟಿ ಮುರಿದು ಅಣ್ಣನ ತಾಟಿಗೆ ಹಾಕುತ್ತಾ ಕೇಳಿದಳು: ‘ಯಪ್ಪಾ, ಅಲ್ಲಿ ನಿನಗ ಜ್ವರ ಬಂದ್ರ ಗಂಜಿ ಯಾರ್ ಕಾಸ್ತಾರ?’

ಅಣ್ಣ ಉಣ್ಣೋದು ನಿಲ್ಲಿಸಿದ. ಹೋದ ಮಳೆಗಾಲದಲ್ಲಿ ಅವನಿಗೂ ಅತ್ತಿಗೆಗೂ ಒಟ್ಟಿಗೇ ಮಲೇರಿಯಾ ಆಗಿತ್ತಂತೆ. ಪಕ್ಕದ ಮನೆಯ ಸಂತಾಲ ಹೆಂಗಸು ದಿನಾ ಗಂಜಿ ಕಾಸಿ ತಂದು, ಕೂತು ಕುಡಿಸಿ ಹೋಗುತ್ತಿದ್ದಳಂತೆ. ನನಗೇ ಇದು ಗೊತ್ತಿರಲಿಲ್ಲ. ‘ಆಕಿ ನಮ್ಮ ಸಭೆಗೆ ಬರಲ್ಲ ಅಜ್ಜಿ. ಅವರದು ಸರ್ನಾ ಧರ್ಮ’ ಅಂದ. ಪ್ರಕೃತಿಯನ್ನು ಪೂಜಿಸುವ ಆದಿವಾಸಿಗಳ ಧರ್ಮ ಅದು.

‘ಬರ್ಲಿಲ್ಲಂದ್ರ ಏನಾತು? ನನ್ನ ಮಗನಿಗಿ ಉಣ್ಣಾಕ ಹಾಕ್ಯಾಳಲ್ಲ. ಆಕಿ ಹೆಸರು ಹೇಳು, ದಿನಾ ಪ್ರಾರ್ಥನಿ ಮಾಡ್ತೀನಿ.’

ಮೊಮ್ಮಗ ಆ ಹೆಸರನ್ನು ಎರಡು ಸಲ ಕೇಳಿಕೊಂಡು ಅಜ್ಜಿಯ ಬೈಬಲಿನ ಕೊನೆಯ ಖಾಲಿ ಹಾಳೆಯಲ್ಲಿ ಬರೆದ.

ಯಾದಗಿರಿಯಲ್ಲಿ ಮೆಥಡಿಸ್ಟ್ ಮಿಷನ್ನಿನ ಹೋಲ್ಸ್ಟನ್ ಆಸ್ಪತ್ರೆಯ ಮುಂದೆ ಹೋಗುವಾಗಲೂ ನನಗೆ ಅದೇ ಯೋಚನೆ. ಹಿಂದೆ ನಮ್ಮ ಕಡೆಗೆ ಅಮೆರಿಕದ ಮೆಥಡಿಸ್ಟ್ ಮಿಷನರಿಗಳು ಬಂದರು. ಅವರೂ ರಜೆಗೆ ಊರಿಗೆ ಹೋಗಿ, ತಮ್ಮ ಸಭೆಗಳಲ್ಲಿ ನಿಂತು ನಮ್ಮ ಜನರ ಬಗ್ಗೆ ಹೇಳಿರುತ್ತಾರೆ ಅಲ್ವಾ? ಈ ಬಿಸಿಲಲ್ಲಿ ಅವರು ಜ್ವರ ಬಂದು ಮಲಗಿದಾಗ ನಮ್ಮ ಯಾವ ಮುತ್ತಜ್ಜಿ ಗಂಜಿ ಕಾಸಿದಳೋ! ಅಂಥವರ ಹೆಸರು ಯಾರಾದರೂ ಕೇಳಿದ್ದರೇ? ಸೇವೆ ಅಂದರೆ ನಾವು ಹೋಗಿ ಕೊಡೋದು ಅಂತಲೇ ಇಷ್ಟು ದಿನ ಕೇಳಿಕೊಂಡು ಬಂದಿದ್ದೇನೆ. ನಮ್ಮವನು ಅಲ್ಲಿ ಬದುಕಿರೋದು ಆಕೆ ಕೊಟ್ಟ ಗಂಜಿಯಿಂದ.

ಯಾದಗಿರಿಯ ಸಭೆಯಲ್ಲಿ ಅಣ್ಣ ಸಂಖ್ಯೆ ಬಿಟ್ಟು ಗಂಜಿಯ ಕಥೆ ಶುರುಮಾಡಿದ. ಅರ್ಧಕ್ಕೇ ಐದು ನಿಮಿಷ ಮುಗಿದುಹೋಯಿತು.

ಬೀದರಿಗೆ ಬಂದವಳೇ ನಮ್ಮ ಸಭೆಯ ಸೆಕ್ರೆಟರಿಯವರಿಗೆ ಹೇಳಿದೆ, ಮುಂದಿನ ಸಲ ಅವನಿಗೆ ಪ್ರಸಂಗದ, ಅಂದರೆ ಉಪದೇಶದ, ಪೂರ್ತಿ ಸಮಯ ಕೊಡಿ ಅಂತ. ‘ನೋಡೋಣ ಸಿಸ್ಟರ್’ ಅಂದರು. ಮುಂದಿನ ಕಮಿಟಿ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ.